ಹಳೆ ಮಾರುತಿ 800ರ ಅಡಿಯಲ್ಲಿ ಲೊಟಲೊಟ: ಸಸ್ಪೆನ್ಷನ್ ದೋಷ ಹುಡುಕಿ ಸರಿಮಾಡುವುದು ಹೇಗೆ?

ನನ್ನ ಹತ್ತಿರ 2003ರ ಮಾರುತಿ 800 ಇದೆ. ಸಾಗರದಿಂದ ಹೊಸನಗರ ಕಡೆಗೆ ವಾರಕ್ಕೆರಡು ಸಲವಾದರೂ ಓಡುತ್ತದೆ. ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಎಡ ಚಕ್ರದ ಹತ್ತಿರ ಒಂದು ಸದ್ದು ಶುರುವಾಯಿತು. ಸ್ಟೀಲ್ ಡಬ್ಬಿಯೊಳಗೆ ನಾಲ್ಕು ಒಣ ಅಡಕೆ ಹಾಕಿ ಅಲ್ಲಾಡಿಸಿದರೆ ಬರುತ್ತದಲ್ಲ, ಅದೇ ಸದ್ದು. ಜಲ್ಲಿ ರಸ್ತೆಯಲ್ಲಿ ಜಾಸ್ತಿ, ಡಾಂಬರಿನಲ್ಲಿ ಕಮ್ಮಿ.

ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಹುಡುಗ ಬಾನೆಟ್ ಮೇಲೆ ಎರಡು ಸಲ ಒತ್ತಿ ನೋಡಿ, "ಶಾಕ್ ಹೋಗಿದೆ ಸಾರ್, ಜೋಡಿ ಹಾಕಿಬಿಡೋಣ" ಅಂದ. ಹಾಕಿಸಿದೆ. ಗಾಡಿ ಸ್ವಲ್ಪ ಬಿಗಿಯಾಯಿತು, ನಿಜ. ಆದರೆ ಮೂರನೇ ದಿನ ಮನೆಯ ಮುಂದಿನ ಮಣ್ಣು ರಸ್ತೆಗೆ ಇಳಿದ ಕೂಡಲೇ ಅದೇ ಲೊಟಲೊಟ. ಕೊನೆಗೆ ನಾನೇ ಗೋಣಿಚೀಲ ಹಾಸಿಕೊಂಡು ಅಡಿಗೆ ಹೋಗಿ ನೋಡಿದೆ. ಶಾಕ್ ಜೋಡಿಯ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದ ಒಂದು ರಬ್ಬರ್ ಬುಷ್, ಅಂದರೆ ಕಬ್ಬಿಣಕ್ಕೆ ಕಬ್ಬಿಣ ತಾಗದ ಹಾಗೆ ನಡುವೆ ಕೂರಿಸುವ ರಬ್ಬರ್, ಸವೆದು ಹೋಗಿತ್ತು, ಅಷ್ಟೇ.

ಹುಡುಗ ಮೋಸ ಮಾಡಿದ ಅಂತ ನಾನು ಹೇಳುವುದಿಲ್ಲ. ಅವನು ಸದ್ದು ಎಲ್ಲಿಂದ ಬರುತ್ತದೆ ಅಂತ ಹುಡುಕಿದ, ಯಾವಾಗ ಬರುತ್ತದೆ ಅಂತ ಕೇಳಲಿಲ್ಲ. ಗಾಡಿಯ ಅಡಿಯಲ್ಲಿ ಎಲ್ಲವೂ ಕಬ್ಬಿಣ. ಒಂದು ಕಡೆ ಹುಟ್ಟಿದ ಸದ್ದು ಇನ್ನೊಂದು ಕಡೆ ಕೇಳುತ್ತದೆ. ಕಿವಿ ಜಾಗದ ವಿಷಯದಲ್ಲಿ ಸುಲಭವಾಗಿ ಏಮಾರುತ್ತದೆ, ಹೊತ್ತಿನ ವಿಷಯದಲ್ಲಿ ಏಮಾರುವುದು ಕಮ್ಮಿ. ಹಾಗಾಗಿ "ಯಾವಾಗ" ಎಂಬುದನ್ನೇ ಹಿಡಿದುಕೊಂಡು ಹೋಗೋಣ.

ಅಡಿಯಲ್ಲಿ ಏನೇನಿದೆ

800 ಮಾರುಕಟ್ಟೆಗೆ ಬಂದದ್ದು 1983ರ ಡಿಸೆಂಬರಿನಲ್ಲಿ. ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಎಷ್ಟೇ "ಹೊಸ" 800 ಆದರೂ ಅದರ ರಬ್ಬರಿಗೆ ವಯಸ್ಸಾಗಿದೆ. ಗಾಡಿ ಶೆಡ್ಡಿನಲ್ಲೇ ನಿಂತಿದ್ದರೂ ರಬ್ಬರ್ ಒಣಗಿ ಬಿರಿಯುತ್ತದೆ. "ಬರೀ ಮೂವತ್ತು ಸಾವಿರ ಕಿಲೋಮೀಟರ್ ಓಡಿದೆ ಮಾರಾಯ್ರೆ" ಎಂಬ ಮಾತು ಬುಷ್‌ಗಳ ವಿಷಯದಲ್ಲಿ ಲೆಕ್ಕಕ್ಕಿಲ್ಲ.

ಮುಂದೆ ಎರಡೂ ಕಡೆ ಒಂದೊಂದು ಸ್ಟ್ರಟ್ ಇದೆ. ಶಾಕ್ ಅಬ್ಸಾರ್ಬರ್ ಮತ್ತು ಸುರುಳಿ ಸ್ಪ್ರಿಂಗ್ ಸೇರಿದ ಕಂಬ ಅದು. ಅದರ ತಲೆ ಬಾನೆಟ್ ಒಳಗೆ ರಬ್ಬರ್ ಮೌಂಟ್ ಮತ್ತು ಬೇರಿಂಗ್ ಮೂಲಕ ಬಾಡಿಗೆ ಕೂತಿದೆ. ಬುಡ ನಕಲ್‌ಗೆ, ಅಂದರೆ ಚಕ್ರ ಹೊತ್ತ ಭಾಗಕ್ಕೆ, ಎರಡು ಬೋಲ್ಟಿನಿಂದ ಕೂತಿದೆ. ಕೆಳಗೆ ಲೋವರ್ ಆರ್ಮ್. ಅದರ ಒಳತುದಿಯಲ್ಲಿ ಬುಷ್, ಹೊರತುದಿಯಲ್ಲಿ ಬಾಲ್ ಜಾಯಿಂಟ್, ಅಂದರೆ ಎಲ್ಲ ಕಡೆಗೂ ಹೊರಳುವ ಗುಂಡಿನ ಕೀಲು.

ಇಲ್ಲಿ ಒಂದು ವಿಷಯ ಗಮನಿಸಬೇಕು. 800ರಲ್ಲಿ ಲೋವರ್ ಆರ್ಮ್ ಒಂದು ಸಣ್ಣ ಕಡ್ಡಿಯ ಹಾಗೆ, ಒಳಗಡೆ ಒಂದೇ ಬುಷ್ ಮೇಲೆ ನಿಂತಿದೆ. ಅದು ಹಿಂದೆ ಮುಂದೆ ಓಲಾಡದ ಹಾಗೆ ಹಿಡಿದುಕೊಂಡಿರುವುದು ಸ್ಟೆಬಿಲೈಸರ್ ಬಾರ್, ಎಡಬಲ ಆರ್ಮ್‌ಗಳ ನಡುವೆ ಅಡ್ಡಕ್ಕೆ ಹೋಗುವ ಕಬ್ಬಿಣದ ಸರಳು. ಬೇರೆ ಎಷ್ಟೋ ಕಾರುಗಳಲ್ಲಿ ಈ ಬಾರ್‌ನ ಕೆಲಸ ತಿರುವಿನಲ್ಲಿ ಗಾಡಿ ವಾಲದ ಹಾಗೆ ನೋಡಿಕೊಳ್ಳುವುದು ಮಾತ್ರ. ಇದರಲ್ಲಿ ಎರಡೂ ಕೆಲಸ ಅದರದ್ದೇ. ಬಾರ್‌ನ ಎರಡು ತುದಿಗಳು ಲೋವರ್ ಆರ್ಮ್‌ನ ತೂತಿನೊಳಗೆ ಹೋಗಿ, ಹಿಂದೆ ಮುಂದೆ ಒಂದೊಂದು ರಬ್ಬರ್ ಮತ್ತು ವಾಷರ್ ಹಾಕಿ ನಟ್ಟಿನಿಂದ ಬಿಗಿದುಕೊಂಡಿರುತ್ತವೆ. ನೀವು ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ತಳ್ಳುವ ಬಲವೆಲ್ಲ ಈ ಸಣ್ಣ ರಬ್ಬರ್ ಮೇಲೇ ಬೀಳುತ್ತದೆ. ಸವೆಯದೆ ಇನ್ನೇನಾಗುತ್ತದೆ?

ನನ್ನಂಥ ಗಾಡಿಯಲ್ಲಿ ಹಿಂದೆ ಗಟ್ಟಿ ಆಕ್ಸಲ್, ಸುರುಳಿ ಸ್ಪ್ರಿಂಗ್, ಬೇರೆಯಾಗಿ ನಿಂತ ಶಾಕ್, ಆಕ್ಸಲ್ ಹಿಂದೆ ಮುಂದೆ ಜರುಗದ ಹಾಗೆ ಹಿಡಿಯುವ ಎರಡು ಟ್ರೇಲಿಂಗ್ ಆರ್ಮ್ ಮತ್ತು ಪಕ್ಕಕ್ಕೆ ಜರುಗದ ಹಾಗೆ ಅಡ್ಡಕ್ಕೆ ಒಂದು ಲ್ಯಾಟರಲ್ ರಾಡ್.

ಮೊದಲು ಡಿಕ್ಕಿ ಖಾಲಿ ಮಾಡಿ

ನಗಬೇಡಿ. ಸ್ಟೆಪ್ನಿ, ಜಾಕಿ, ಟಾಮಿ, ಸೀಟಿನಡಿಯ ನೀರಿನ ಬಾಟಲಿ, ಎಲ್ಲ ತೆಗೆದಿಟ್ಟು ಒಂದು ಸುತ್ತು ಹೋಗಿ ಬನ್ನಿ. ನನ್ನ ಪರಿಚಯದವರೊಬ್ಬರು ಹಿಂದಿನ ಶಾಕ್ ಎರಡೂ ಬದಲಾಯಿಸಿದ ಮೇಲೆ ಜಾಕಿಯ ಸ್ಕ್ರೂ ಸಡಿಲವಾಗಿದ್ದದ್ದು ಕಂಡುಹಿಡಿದರು.

ಆಮೇಲೆ ನಾಲ್ಕು ಚಕ್ರದ ನಟ್ಟುಗಳೂ ಬಿಗಿಯಾಗಿವೆಯಾ ನೋಡಿ. ಸೈಲೆನ್ಸರ್ ತಣ್ಣಗಿರುವಾಗ ಕೈಯಿಂದ ಅಲ್ಲಾಡಿಸಿ. ಅದನ್ನು ನೇತುಹಾಕಿದ ರಬ್ಬರ್ ಹರಿದರೆ ಪೈಪು ಹೋಗಿ ಬಾಡಿಗೆ ಬಡಿಯುತ್ತದೆ, ಕೇಳುವವರಿಗೆ ಹಿಂದಿನ ಶಾಕ್ ಹೋದಂತೆಯೇ. ಜಲ್ಲಿ ರಸ್ತೆಯಲ್ಲಿ ಸದ್ದು ಬರುತ್ತಿರುವಾಗ ಬ್ರೇಕ್ ಪೆಡಲ್ ಮೇಲೆ ಹಗುರಾಗಿ ಕಾಲಿಡಿ. ಸದ್ದು ತಟ್ಟನೆ ನಿಂತರೆ ಬ್ರೇಕ್ ಪ್ಯಾಡ್ ಅಲ್ಲಾಡುತ್ತಿದೆ ಅಂತ ಲೆಕ್ಕ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕಟ್ ಕಟ್ ಕಟ್ ಅಂತ ತಾಳ ಹಾಕಿದ ಹಾಗೆ ಬಂದರೆ ಅದು ಡ್ರೈವ್ ಶಾಫ್ಟ್ ಹೊರಗಡೆಯ ಜಾಯಿಂಟು. ಇವು ಯಾವುದೂ ಸಸ್ಪೆನ್ಷನ್ ಅಲ್ಲ.

ಸದ್ದು ಯಾವಾಗ ಬರುತ್ತದೆ?

ಗಾಜು ಇಳಿಸಿ, ರೇಡಿಯೋ ಆರಿಸಿ, ಉದ್ದನೆ ಕಾಂಪೌಂಡ್ ಗೋಡೆ ಇರುವ ರಸ್ತೆಯಲ್ಲಿ ನಿಧಾನ ಓಡಿಸಿ. ಗೋಡೆಗೆ ಬಡಿದು ಬರುವ ಸದ್ದು ಒಳಗೆ ಕೂತು ಕೇಳುವುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಎರಡನೇ ಗೇರಿನಲ್ಲಿ, ಸಣ್ಣ ಜಲ್ಲಿಯ ಮೇಲೆ, ಬಿಡದೆ ಲೊಟಲೊಟ ಅನ್ನುತ್ತಿದ್ದರೆ ಯಾವುದೋ ಸಂಧು ಸವೆದು ಸಣ್ಣ ಆಟ, ಅಂದರೆ ಸಡಿಲ, ಬಂದಿದೆ. ಸ್ಟೆಬಿಲೈಸರ್ ಬಾರ್ ಬುಷ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್ (ಸ್ಟೀರಿಂಗಿನಿಂದ ಬರುವ ಕಡ್ಡಿ ಚಕ್ರದ ಭಾಗಕ್ಕೆ ಸೇರುವ ತುದಿ), ಈ ಮೂರರಲ್ಲಿ ಒಂದನ್ನು ಮೊದಲು ಅನುಮಾನಿಸಿ. ಇಂಥ ರಸ್ತೆಯಲ್ಲಿ ಚಕ್ರ ಮೇಲೆ ಕೆಳಗೆ ಆಡುವುದು ಬೆರಳಿನಷ್ಟು ಮಾತ್ರ. ತೈಲ ಸೋರಿದ ಶಾಕ್ ಇಲ್ಲಿ ಸುಮ್ಮನಿರುವುದೇ ಹೆಚ್ಚು.

ಬ್ರೇಕ್ ಹಾಕಿದಾಗ ಒಮ್ಮೆ "ದಡ್", ಮತ್ತೆ ಹೊರಡುವಾಗ ಒಮ್ಮೆ "ದಡ್". ಇದು ಲೋವರ್ ಆರ್ಮ್ ಹಿಂದೆ ಮುಂದೆ ಜರುಗುವ ಸದ್ದು. ಬಾರ್ ತುದಿಯ ರಬ್ಬರೋ ಆರ್ಮ್ ಒಳಗಿನ ಬುಷ್ಷೋ ಹೋಗಿದೆ. ಜತೆಗೆ ಬ್ರೇಕ್ ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಅನುಮಾನ ಗಟ್ಟಿ. ಎಂಜಿನ್ ಮೌಂಟಿಂಗ್ ಹೋದರೂ ಕ್ಲಚ್ ಬಿಡುವಾಗ ಹೀಗೇ ಆಗುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ, ಎಂಜಿನ್ ಚಾಲೂ ಇಟ್ಟು, ನಡೆಯುವ ವೇಗದಲ್ಲಿ ಬ್ರೇಕ್ ಹಾಕಿ. ಆಗಲೂ ದಡ್ ಅಂದರೆ ಎಂಜಿನ್ ಮೌಂಟಿಂಗ್ ಮೇಲಿನ ಅನುಮಾನ ಬಿಡಿ. ಖಾಲಿ ರಸ್ತೆಯಲ್ಲಿ ಮಾತ್ರ ಇದನ್ನು ಮಾಡಿ.

ಗಾಡಿ ನಿಂತಿರುವಾಗ ಸ್ಟೀರಿಂಗ್ ತಿರುಗಿಸಿದರೆ "ಟಣ್" ಅಂತ ತಂತಿ ಮೀಟಿದ ಹಾಗೆ ಬಂದರೆ ಸ್ಟ್ರಟ್ ತಲೆಯ ಬೇರಿಂಗ್ ಹಿಡಿದುಕೊಂಡಿದೆ. ಸ್ಪ್ರಿಂಗ್ ಸುಮ್ನೆ ತಿರುಚಿಕೊಂಡು, ತಡೆಯಲಾರದೆ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ಬಾನೆಟ್ ತೆಗೆದು ಸ್ಟ್ರಟ್ ತಲೆಯ ಮೇಲೆ ಅಂಗೈ ಇಟ್ಟು ಇನ್ನೊಬ್ಬರಿಂದ ಸ್ಟೀರಿಂಗ್ ತಿರುಗಿಸಿ. ಕೈಗೇ ಆ ಜಿಗಿತ ಸಿಗುತ್ತದೆ.

ಹಂಪ್ ಇಳಿದ ಮೇಲೆ ಗಾಡಿಯ ಮೂತಿ ಎರಡು ಮೂರು ಸಲ ತೂಗಿದರೆ, ಅಥವಾ ಘಟ್ಟದ ತಿರುವಿನಲ್ಲಿ ಗುಂಡಿ ಬಿದ್ದಾಗ ಚಕ್ರ ರಸ್ತೆ ಬಿಟ್ಟು ಪಕ್ಕಕ್ಕೆ ಜಿಗಿದರೆ, ಆಗ ಶಾಕ್ ವಿಷಯ ಮಾತಾಡಿ. ಶಾಕ್ ಹೋದದ್ದು ಕಿವಿಗಿಂತ ಮೊದಲು ಸೊಂಟಕ್ಕೆ ಗೊತ್ತಾಗುತ್ತದೆ.

ಹಳೆ ಉಯ್ಯಾಲೆಯ ಹಾಗೆ ಕಿರ್ ಕಿರ್ ಅನ್ನುವುದು ಒಣಗಿದ ರಬ್ಬರ್. ಮಳೆಗಾಲದಲ್ಲಿ ಮಾಯವಾಗಿ ಬೇಸಿಗೆಯಲ್ಲಿ ಬರುತ್ತದೆ. ಇದನ್ನು ಹಿಡಿಯುವುದು ಸುಲಭ. ಒಬ್ಬರು ಗಾಡಿಯನ್ನು ಕುಲುಕುತ್ತಿರಲಿ. ನೀವು ಬಾಟಲಿಯಿಂದ ಒಂದೊಂದೇ ಬುಷ್‌ಗೆ ನೀರು ಚಿಮುಕಿಸುತ್ತಾ ಬನ್ನಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಂತಿತೋ ಅದೇ ಕಳ್ಳ.

ವೇಗದ ಜತೆ ಏರುವ "ಗೊಂಯ್" ಸದ್ದು ವೀಲ್ ಬೇರಿಂಗಿನದು. ಬಲಕ್ಕೆ ತಿರುಗುವಾಗ ಜಾಸ್ತಿಯಾದರೆ ಸಾಮಾನ್ಯವಾಗಿ ಎಡಗಡೆಯದು, ಏಕೆಂದರೆ ಭಾರ ಆ ಕಡೆ ಬೀಳುತ್ತದೆ.

ಕೈಯಿಂದ ಮುಟ್ಟಿ ನೋಡುವುದು

ಇನ್ನು ಗಾಡಿ ಎತ್ತಬೇಕು. ಸಮತಟ್ಟಾದ ಗಟ್ಟಿ ನೆಲ ಬೇಕು. ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿಟ್ಟು, ಹಿಂದಿನ ಚಕ್ರಕ್ಕೆ ಮರದ ಆನಿಕೆ ಕೊಡಿ. ಜಾಕಿಯಿಂದ ಎತ್ತಿ, ಬಾಡಿಯ ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಅಡಿಗೆ ಹೋಗಿ. ಬರೀ ಜಾಕಿ ನಂಬಿ ಅಡಿಗೆ ಹೋಗುವುದು ಬೇಡವೇ ಬೇಡ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೂಡ ಬೇಡ. ಅವು ಬಿರುಕು ಬಿಡುವ ಮುನ್ಸೂಚನೆ ಕೊಡುವುದಿಲ್ಲ.

ಚಕ್ರ ನೇತಾಡುತ್ತಿರುವಾಗ ಟೈರಿನ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಒಳಗೆ ಹೊರಗೆ ಅಲ್ಲಾಡಿಸಿ. ಆಟ ಇದ್ದರೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಆಟ ಹೋಯಿತಾ? ವೀಲ್ ಬೇರಿಂಗ್. ಹಾಗೇ ಇದೆಯಾ? ಬಾಲ್ ಜಾಯಿಂಟ್ ಅಥವಾ ಸ್ಟ್ರಟ್ ಕಡೆಯದು. ಈಗ ಕೈ ಎಡಕ್ಕೆ ಬಲಕ್ಕೆ ಇಟ್ಟು ಅಲ್ಲಾಡಿಸಿ. ಇಲ್ಲಿ ಆಟ ಇದ್ದರೆ ಟೈ ರಾಡ್ ಎಂಡ್ ಅಥವಾ ಸ್ಟೀರಿಂಗ್ ರ‍್ಯಾಕ್. ಟೈ ರಾಡ್ ಎಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಇನ್ನೊಬ್ಬರಿಂದ ಚಕ್ರ ಅಲ್ಲಾಡಿಸಿದರೆ ಟಿಕ್ ಅನ್ನುವುದು ಅಂಗೈಗೇ ತಿಳಿಯುತ್ತದೆ.

ಬಾಲ್ ಜಾಯಿಂಟಿನ ರಬ್ಬರ್ ಟೊಪ್ಪಿಗೆ ಹರಿದಿದ್ದರೆ, ಇವತ್ತು ಆಟ ಇಲ್ಲದಿದ್ದರೂ, ಅದರ ಕಾಲ ಮುಗಿಯಿತು ಅಂದುಕೊಳ್ಳಿ. ನಮ್ಮ ಕೆಂಪು ಮಣ್ಣಿನ ಕೆಸರು ಗ್ರೀಸಿಗೆ ಸೇರಿದರೆ ಎಮರಿ ಹಾಳೆ ಉಜ್ಜಿದ ಹಾಗೇ. ಈ ಜಾಯಿಂಟಿನ ವಿಷಯದಲ್ಲಿ ತಡ ಮಾಡಬೇಡಿ. ಅದು ಕಳಚಿದರೆ ಚಕ್ರ ಹೊರಕ್ಕೆ ಮಗುಚಿಕೊಳ್ಳುತ್ತದೆ.

ಲೋವರ್ ಆರ್ಮ್ ಬುಷ್‌ಗೆ ಸಣ್ಣ ಹಾರೆ ಅಥವಾ ಉದ್ದನೆ ಸ್ಕ್ರೂಡ್ರೈವರ್ ಬೇಕು. ಆರ್ಮ್ ಮತ್ತು ಬಾಡಿಯ ನಡುವೆ ಇಟ್ಟು ಮೀಟಿ. ರಬ್ಬರ್ ಸ್ವಲ್ಪ ಬಗ್ಗುವುದು ಸಹಜ, ಅದಕ್ಕೇ ಅಲ್ವಾ ರಬ್ಬರ್ ಇರುವುದು. ಆದರೆ ರಬ್ಬರಿಗೂ ಒಳಗಿನ ಕಬ್ಬಿಣದ ಕೊಳವೆಗೂ ನಡುವೆ ಸೀಳು ಬಾಯಿಬಿಟ್ಟರೆ ಅದು ಹೋಗಿದೆ. ಮೇಲ್ಮೈಯ ಸಣ್ಣ ಗೆರೆಗಳನ್ನು ನೋಡಿ ಗಾಬರಿಯಾಗಬೇಡಿ. ಅವು ವಯಸ್ಸಿನ ಸುಕ್ಕು.

ನನ್ನ ಗಾಡಿಯ ಕಥೆ ಹೀಗೆ. ತಮ್ಮನ ಮಗನನ್ನು ಕರೆದು, ಮುಂದಿನ ಚಕ್ರ ಎರಡನ್ನೂ ದಪ್ಪ ಹಲಗೆಯ ಮೇಲೆ ಹತ್ತಿಸಿ, ಗಾಡಿಯ ಭಾರ ಚಕ್ರದ ಮೇಲೆ ಇರುವಂತೆಯೇ ಅಡಿಗೆ ಹೋದೆ. ಅವನು ಬಂಪರ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ತೂಗಿದ. "ದೊಡ್ಡಪ್ಪ, ಇಷ್ಟು ಸಾಕಾ?" ಅಂತ ಕೇಳುತ್ತಿದ್ದಾಗಲೇ ಬಾರ್ ತುದಿಯ ವಾಷರ್ ಮೇಲೆ ಇಟ್ಟಿದ್ದ ನನ್ನ ಬೆರಳಿಗೆ ಟಕ್ ಅಂತ ಬಡಿಯಿತು. ಟಾರ್ಚ್ ಹಾಕಿ ನೋಡಿದೆ. ಸುತ್ತ ಎಲ್ಲ ಕೆಂಪು ಧೂಳು, ತುಕ್ಕು. ವಾಷರಿನ ಅಂಚು ಮಾತ್ರ ಹೊಸ ರೂಪಾಯಿಯ ಹಾಗೆ ಹೊಳೆಯುತ್ತಿತ್ತು. ಹಾಗೆ ಹೊಳೆಯುತ್ತಿದ್ದರೆ ಅಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಿಕ್ಕುತ್ತಿದೆ ಅಂತ ಅರ್ಥ. ರಬ್ಬರ್ ಬಿಲ್ಲೆಯ ದಪ್ಪ ಒಂದು ಕಡೆ ಬೆರಳಷ್ಟು, ಇನ್ನೊಂದು ಕಡೆ ದೋಸೆಯಷ್ಟು. ನಡುವಿನ ತೂತು ಮೊಟ್ಟೆಯಾಕಾರವಾಗಿತ್ತು.

ಬುಷ್ ಅಷ್ಟು ಬೇಗ ಹಾಳಾಗುವುದಕ್ಕೆ ನಾನೂ ಕಾರಣ. ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯದಿರಲಿ ಅಂತ ಗಾಡಿಯ ಅಡಿಗೆಲ್ಲ ಹಳೆ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮ ಕಡೆ ಇದೆ. ನಾನೂ ಬಳಿದಿದ್ದೆ. ತಗಡಿಗೆ ಒಳ್ಳೆಯದೇನೋ ಇರಬಹುದು, ರಬ್ಬರಿಗೆ ವಿಷ. ಆಯಿಲ್ ಕುಡಿದ ರಬ್ಬರ್ ಊದಿ ಮೆತ್ತಗಾಗಿ ಸವೆಯುತ್ತದೆ. ಕಿರ್ ಅನ್ನುವ ಬುಷ್‌ಗೆ ಗ್ರೀಸ್ ಹಾಕುವುದೂ ಇದೇ ಕಾರಣಕ್ಕೆ ಬೇಡ. ಹಾಕಲೇಬೇಕಾದರೆ ಸಿಲಿಕೋನ್ ಸ್ಪ್ರೇ ಹಾಕಿ.

ಶಾಕ್ ಪರೀಕ್ಷೆಗೆ ಮೂಲೆ ಒತ್ತಿ ಬಿಡುವುದು ಎಲ್ಲರಿಗೂ ಗೊತ್ತು. ಒತ್ತಿ ಬಿಟ್ಟಾಗ ಒಮ್ಮೆ ಮೇಲೆದ್ದು ಕೂತರೆ ಸರಿ, ಕುಣಿಯುತ್ತಲೇ ಇದ್ದರೆ ಹೋಗಿದೆ. ಆದರೆ ಇದರಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ, ಅರ್ಧ ಸತ್ತದ್ದು ತಪ್ಪಿಸಿಕೊಳ್ಳುತ್ತದೆ. ನಾನು ಜಾಸ್ತಿ ನಂಬುವುದು ಟೈರನ್ನು. ಟೈರಿನ ಸುತ್ತ ಅಂಗೈ ಸವರಿ. ಅಲ್ಲಲ್ಲಿ ತಗ್ಗು ಉಬ್ಬು ಸಿಕ್ಕರೆ ಚಕ್ರ ನೆಲದ ಮೇಲೆ ಕುಪ್ಪಳಿಸುತ್ತಾ ಓಡಿದೆ. ಅಲ್ಲಿ ಶಾಕ್ ಕೆಲಸ ಮಾಡುತ್ತಿಲ್ಲ. ಒಂದು ಅಂಚು ಮಾತ್ರ ಸಮವಾಗಿ ಸವೆದಿದ್ದರೆ ಅದು ಅಲೈನ್‌ಮೆಂಟ್ ಅಥವಾ ಬುಷ್ ಕಥೆ. ಶಾಕ್ ಮೇಲೆ ತೆಳುವಾಗಿ ಎಣ್ಣೆ ಮಬ್ಬು ಕಂಡರೆ ಪರವಾಗಿಲ್ಲ. ಕೆಳತನಕ ಹರಿದು ಧೂಳು ಅಂಟಿಕೊಂಡಿದ್ದರೆ ಬದಲಾಯಿಸಿ.

ಗಾಡಿ ಒಂದು ಕಡೆ ತಗ್ಗಿದ್ದರೆ ಟೇಪ್ ಹಿಡಿದು ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ. ವ್ಯತ್ಯಾಸ ಎದ್ದು ಕಾಣುವಷ್ಟಿದ್ದರೆ ಸ್ಪ್ರಿಂಗಿನ ಕೆಳಗಿನ ಸುತ್ತು ನೋಡಿ. ತಟ್ಟೆಯಲ್ಲಿ ಮಣ್ಣು ನೀರು ನಿಂತು ತುಕ್ಕು ತಿಂದು ಸಾಧಾರಣವಾಗಿ ಅಲ್ಲೇ ಮುರಿಯುತ್ತದೆ.

ಬಾರ್ ಬುಷ್ ಬದಲಾಯಿಸುವುದು

ಹಿಂದಿನ ರಾತ್ರಿಯೇ ಎಲ್ಲ ನಟ್ಟು ಬೋಲ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಅದಕ್ಕೂ ಮುಂಚೆ ತಂತಿ ಬ್ರಶ್ಶಿನಿಂದ ಎಳೆಗಳನ್ನು ಉಜ್ಜಿ. ಮಣ್ಣಿನ ಮೇಲೆ ಸ್ಪ್ರೇ ಹೊಡೆದರೆ ಮಣ್ಣಷ್ಟೇ ಒದ್ದೆಯಾಗುತ್ತದೆ.

ಮುಂದಿನ ಎರಡೂ ಕಡೆ ಒಟ್ಟಿಗೆ ಎತ್ತಿ ಸ್ಟ್ಯಾಂಡ್ ಕೊಡಿ. ಒಂದೇ ಕಡೆ ಎತ್ತಿದರೆ ಬಾರ್ ತಿರುಚಿಕೊಂಡು ಬಿಗಿಯಾಗಿ ನಿಲ್ಲುತ್ತದೆ, ಬಿಚ್ಚುವಾಗ ಕೈಗೆ ಬಡಿಯುತ್ತದೆ. ಚಕ್ರ ತೆಗೆಯಿರಿ. ತುದಿಯ ನಟ್ಟಿನ ಸ್ಪ್ಲಿಟ್ ಪಿನ್ ಎಳೆದು ನಟ್ ಬಿಚ್ಚಿ. ವಾಷರ್ ಯಾವ ಮುಖ ಯಾವ ಕಡೆಗಿತ್ತು ಅಂತ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ವಾಷರಿನ ಬಟ್ಟಲಿನ ಮುಖ ತಿರುಗಿದರೆ ಹೊಸ ರಬ್ಬರ್ ಬೇಗ ಸೀಳುತ್ತದೆ. ಆಮೇಲೆ ಬಾಡಿಗೆ ಹಿಡಿದ ಎರಡು ಕ್ಲ್ಯಾಂಪುಗಳ ಬೋಲ್ಟು. ಇವು ಮುರಿಯುವ ಜಾತಿಯವು. ಒಂದೇ ಸಮ ಬಿಚ್ಚುತ್ತಾ ಹೋಗಬೇಡಿ. ಅರ್ಧ ಸುತ್ತು ಬಿಚ್ಚಿ, ಕಾಲು ಸುತ್ತು ಬಿಗಿದು, ಮತ್ತೆ ಸ್ಪ್ರೇ ಹೊಡೆದು, ಹೀಗೆ ಆಡಿಸುತ್ತಾ ಬನ್ನಿ.

ಬಾರ್ ಮುಂದಕ್ಕೆ ಎಳೆದು ತೆಗೆದ ಮೇಲೆ ಅದರ ತುದಿಗಳನ್ನೂ ನೋಡಿ. ಬಹಳ ದಿನ ಸದ್ದು ಸಹಿಸಿಕೊಂಡು ಓಡಿಸಿದ್ದರೆ ಬಾರ್ ತುದಿಯೂ ಆರ್ಮಿನ ತೂತೂ ಸವೆದಿರುತ್ತವೆ. ಉಗುರಿಗೆ ಕಚ್ಚು ಬಿದ್ದಂತೆ ಸಿಕ್ಕಿದರೆ ಬರೀ ರಬ್ಬರ್ ಹಾಕಿ ಪ್ರಯೋಜನವಿಲ್ಲ.

ಹೊಸ ಬುಷ್ ಒಳಗೆ ತೂರಿಸಲು ಸೋಪಿನ ನೀರು ಸಾಕು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ಹಿಡಿಸಿ, ಸ್ವಲ್ಪ ಬಿಗಿ ಮಾಡಿ ಬಿಡಿ. ಚಕ್ರ ಹಾಕಿ, ಗಾಡಿ ಇಳಿಸಿ, ಮೂತಿಯನ್ನು ನಾಲ್ಕು ಸಲ ಒತ್ತಿ, ಗಾಡಿ ತನ್ನ ಎತ್ತರಕ್ಕೆ ಕೂತ ಮೇಲೆ ಕೊನೆಯ ಬಿಗಿ ಕೊಡಿ. ಇದಕ್ಕೆ ದಪ್ಪ ಹಲಗೆ ಅಥವಾ ಗ್ಯಾರೇಜಿನ ಗುಂಡಿ ಬೇಕಾಗುತ್ತದೆ. ಸ್ಪ್ಲಿಟ್ ಪಿನ್ ಹಳೆಯದು ಬೇಡ, ಹೊಸದು ಹಾಕಿ.

ಲೋವರ್ ಆರ್ಮ್ ಬುಷ್‌ಗೆ ಈ ಕ್ರಮ ಇನ್ನೂ ಮುಖ್ಯ. ಆ ಬುಷ್‌ನಲ್ಲಿ ರಬ್ಬರ್ ಒಳಗಿನ ಕೊಳವೆಗೆ ಅಂಟಿರುತ್ತದೆ. ಚಕ್ರ ನೇತಾಡುತ್ತಿರುವಾಗ ಬೋಲ್ಟ್ ಬಿಗಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು, ನಿಂತಲ್ಲೂ ಆ ತಿರುಚಿನಲ್ಲೇ ಇರುತ್ತದೆ. "ಹೊಸ ಬುಷ್ ಹಾಕಿ ಆರು ತಿಂಗಳಿಗೇ ಹೋಯಿತು, ಮಾಲೇ ಸರಿಯಿಲ್ಲ" ಅನ್ನುವವರ ಮಾತು ಕೇಳಿದಾಗ ನನಗೆ ಮೊದಲು ಬರುವ ಅನುಮಾನ ಇದೇ.

ಲೋವರ್ ಆರ್ಮ್ ಮತ್ತು ಬಾಲ್ ಜಾಯಿಂಟ್

ಬಾಲ್ ಜಾಯಿಂಟ್ ಆರ್ಮಿನ ಜತೆಗೇ ಬರುತ್ತದೆ. ಹಳೆ ಆರ್ಮಿಗೆ ಬುಷ್ ಒತ್ತಿಸುವುದಕ್ಕಿಂತ ಪೂರ್ತಿ ಆರ್ಮ್ ಕೊಳ್ಳುವುದೇ ವಾಸಿ. ಪ್ರೆಸ್ ಇಲ್ಲದೆ ಸುತ್ತಿಗೆಯಲ್ಲಿ ಬುಷ್ ಬಡಿದು ಹಾಕಿದರೆ ಆರ್ಮ್ ಸೊಟ್ಟಗಾಗುತ್ತದೆ.

ಬಾಲ್ ಜಾಯಿಂಟಿನ ಕಡ್ಡಿ ನಕಲ್ ಒಳಗೆ ಒಂದು ಅಡ್ಡ ಬೋಲ್ಟಿನಿಂದ ಸಿಕ್ಕಿಕೊಂಡಿರುತ್ತದೆ. ಆ ಬೋಲ್ಟು ಕಡ್ಡಿಯ ಮೇಲಿನ ಕಚ್ಚಿನಲ್ಲಿ ಕೂತಿರುವುದರಿಂದ ಸಡಿಲ ಮಾಡಿದರೆ ಸಾಲದು, ಪೂರ್ತಿ ಹೊರಗೆಳೆಯಬೇಕು. ಇದು ಗೊತ್ತಿಲ್ಲದೆ ಬಡಿಯುತ್ತಾ ಕೂತು ಅರ್ಧ ದಿನ ಕಳೆದವನು ನಾನು. ಬೋಲ್ಟ್ ತೆಗೆದ ಮೇಲೆ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಒಂಚೂರು ಅಗಲಿಸಿ, ಹಾರೆಯಿಂದ ಆರ್ಮ್ ಕೆಳಕ್ಕೆ ಮೀಟಿ. ಬಿಟ್ಟುಕೊಳ್ಳುತ್ತದೆ. ಈ ಹೊತ್ತಿನಲ್ಲಿ ಚಕ್ರದ ಭಾಗವನ್ನು ಹೊರಕ್ಕೆ ಎಳೆದಾಡಬೇಡಿ, ಡ್ರೈವ್ ಶಾಫ್ಟಿನ ಒಳ ಜಾಯಿಂಟ್ ಕಳಚಿಕೊಳ್ಳಬಹುದು.

ಸ್ಟ್ರಟ್ ಕೆಲಸ

ಇದರಲ್ಲಿ ಜೀವಕ್ಕೆ ಅಪಾಯ ತರುವ ಜಾಗ ಒಂದಿದೆ. ಬಾನೆಟ್ ತೆಗೆದಾಗ ಸ್ಟ್ರಟ್ ತಲೆಯ ನಡುವೆ ಒಂದು ನಟ್ ಕಾಣುತ್ತದೆ, ಸುತ್ತ ಮೌಂಟಿನ ನಟ್ಟುಗಳು. ಸ್ಟ್ರಟ್ ಹೊರತೆಗೆಯಲು ಬಿಚ್ಚಬೇಕಾದದ್ದು ಸುತ್ತಲಿನವು ಮಾತ್ರ. ನಡುವಿನ ನಟ್ ಒತ್ತಿಟ್ಟ ಸ್ಪ್ರಿಂಗನ್ನು ಹಿಡಿದುಕೊಂಡಿದೆ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಲಕರಣೆ) ಹಾಕಿ, ಸ್ಪ್ರಿಂಗ್ ತನ್ನ ತಟ್ಟೆಯಲ್ಲಿ ಸಡಿಲವಾಗಿ ತಿರುಗುವವರೆಗೆ ಆ ನಟ್ ಮುಟ್ಟುವ ಹಾಗಿಲ್ಲ. ಹಗ್ಗ, ತಂತಿ ಕಟ್ಟಿ ಸ್ಪ್ರಿಂಗ್ ಹಿಡಿಯುವವರನ್ನು ನೋಡಿದ್ದೇನೆ. ನೀವು ಮಾಡಬೇಡಿ. ಕಂಪ್ರೆಸರ್ ಇಲ್ಲದಿದ್ದರೆ ಸ್ಟ್ರಟ್ ಹೊರತೆಗೆದು ಸ್ಪ್ರಿಂಗ್ ಕೆಲಸಕ್ಕೆ ಮಾತ್ರ ಗ್ಯಾರೇಜಿಗೆ ಕೊಟ್ಟು ಬನ್ನಿ.

ಉಳಿದದ್ದು ಸರಳ. ಸ್ಟ್ರಟ್ಟಿಗೆ ಹಿಡಿದ ಬ್ರೇಕ್ ಹೋಸಿನ ಕ್ಲಿಪ್ ತೆಗೆಯಿರಿ. ನಕಲ್ ಬೋಲ್ಟ್ ಎರಡು ಬಿಚ್ಚಿ, ಮೇಲಿನ ನಟ್ಟುಗಳನ್ನು ಬಿಚ್ಚುವಾಗ ಕೆಳಗಿನಿಂದ ಒಂದು ಕೈ ಆನಿಸಿ. ಚಕ್ರದ ಭಾಗ ಹೊರಕ್ಕೆ ವಾಲದಂತೆ ತಂತಿಯಿಂದ ಕಟ್ಟಿ, ಬ್ರೇಕ್ ಹೋಸ್ ಮೇಲೆ ಭಾರ ಬೀಳಬಾರದು. ಹೊಸ ಸ್ಟ್ರಟ್ಟನ್ನು ನೆಟ್ಟಗೆ ನಿಲ್ಲಿಸಿ, ಜೋಡಿಸುವ ಮುಂಚೆ ಪೂರ್ತಿ ಎಳೆದು ಪೂರ್ತಿ ಒತ್ತಿ, ನಾಲ್ಕೈದು ಸಲ ಮಾಡಿ. ಅಡ್ಡ ಮಲಗಿಸಿಟ್ಟಿದ್ದರೆ ಒಳಗೆ ಸೇರಿದ ಗಾಳಿ ಹೋಗುತ್ತದೆ. ಸ್ಪ್ರಿಂಗಿನ ತುದಿ ಕೆಳತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರಬೇಕು. ಸ್ಟ್ರಟ್ ಬಿಚ್ಚಿದ್ದೇ ಆದರೆ ಮೇಲಿನ ಮೌಂಟ್, ಬೇರಿಂಗ್, ಧೂಳಿನ ಟೊಪ್ಪಿಗೆ, ಬಂಪ್ ರಬ್ಬರ್ ಕೂಡ ಹೊಸದೇ ಹಾಕಿ. ಶಾಕ್ ಯಾವತ್ತೂ ಎಡಬಲ ಜೋಡಿಯಾಗಿಯೇ.

ಹಿಂದುಗಡೆ

ಹಿಂದಿನ ಶಾಕ್ ಬದಲಾಯಿಸುವುದು ಮುಂದಿನದಕ್ಕಿಂತ ಸುಲಭ, ಸ್ಪ್ರಿಂಗ್ ಬೇರೆ ಇರುವುದರಿಂದ ಕಂಪ್ರೆಸರ್ ಬೇಡ. ಆದರೆ ಶಾಕ್ ಬಿಚ್ಚುವ ಮುಂಚೆ ಆಕ್ಸಲ್ ಅಡಿಗೆ ಜಾಕಿ ಆನಿಸಿರಬೇಕು. ಇಲ್ಲದಿದ್ದರೆ ಆಕ್ಸಲ್ ಕೆಳಕ್ಕೆ ಜಾರಿ ಬ್ರೇಕ್ ಪೈಪ್ ಎಳೆಯುತ್ತದೆ, ಸ್ಪ್ರಿಂಗ್ ಜಾಗ ಬಿಡುತ್ತದೆ. ಹಿಂದಿನಿಂದ ಕೊಟಕೊಟ ಅಂದರೆ ಶಾಕಿನ ತುದಿಯ ರಬ್ಬರ್ ಮೊದಲು ನೋಡಿ. ಹಂಪ್ ಮೇಲೆ ಗಾಡಿಯ ಹಿಂಭಾಗ ಪಕ್ಕಕ್ಕೆ ಸೊಂಟ ಕುಣಿಸಿದ ಹಾಗಾದರೆ ಲ್ಯಾಟರಲ್ ರಾಡ್ ಬುಷ್ ನೋಡಿ.

ಸಾಮಾನು ಕೊಳ್ಳುವಾಗ

ಬೆಂಗಳೂರಿನಲ್ಲಿದ್ದರೆ ಜೆ.ಸಿ. ರಸ್ತೆಯಲ್ಲಿ 800ರ ಬಿಡಿಭಾಗ ಹುಡುಕುವುದು ಕಷ್ಟವಲ್ಲ. ಹಳೆ ಪೀಸ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅಗ್ಗದ ಬುಷ್ಷನ್ನು ಉಗುರಿನಿಂದ ಒತ್ತಿ ನೋಡಿ. ಪ್ಲಾಸ್ಟಿಕ್ಕಿನ ಹಾಗೆ ಗಟ್ಟಿ ಇದ್ದರೆ, ಅಂಚಿನಲ್ಲಿ ಪುಡಿ ಉದುರಿದರೆ ವಾಪಸ್ ಇಡಿ. ಗಟ್ಟಿ ಬುಷ್ ಬಹಳ ವರ್ಷ ಬಾಳುತ್ತದೆ ಅಂತ ಅಂಗಡಿಯವರು ಹೇಳಬಹುದು. ಬಾಳಿದರೂ ರಸ್ತೆಯ ಪ್ರತಿ ಕಲ್ಲನ್ನೂ ಸೀಟಿಗೆ ಮುಟ್ಟಿಸುತ್ತದೆ.

ಕೆಲಸ ಮುಗಿದ ಮೇಲೆ

ಬುಷ್, ಆರ್ಮ್, ಸ್ಟ್ರಟ್, ಟೈ ರಾಡ್, ಯಾವುದು ಬಿಚ್ಚಿದ್ದರೂ ವೀಲ್ ಅಲೈನ್‌ಮೆಂಟ್ ಮಾಡಿಸಿ. ಮುಂಚೆ ಮಾಡಿಸಿ ದುಡ್ಡು ಹಾಳು ಮಾಡಬೇಡಿ, ಸವೆದ ಬುಷ್ ಮೇಲೆ ಮಾಡಿದ ಅಲೈನ್‌ಮೆಂಟ್ ಮುಂದಿನ ಗುಂಡಿಯವರೆಗೆ ಮಾತ್ರ. 800ರಲ್ಲಿ ಮುಂದಿನ ಚಕ್ರಗಳ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಮುಖ ಮಾಡಿರುವುದು, ಇದೊಂದನ್ನೇ ತಿರುಗಿಸಿ ಸರಿಮಾಡಬಹುದು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು), ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟ್ರಟ್ಟಿನ ವಾಲು) ತಿರುಗಿಸಲು ಅವಕಾಶವೇ ಇಲ್ಲ. ಹಾಗಾಗಿ ಕಂಪ್ಯೂಟರ್ ಕಾಗದದಲ್ಲಿ ಕ್ಯಾಂಬರ್ ಕೆಂಪಗೆ ಬಂದು, ಅಂಗಡಿಯವರು "ಅಡ್ಜಸ್ಟ್ ಮಾಡ್ತೀವಿ ಸಾರ್" ಅಂದರೆ, ಯಾವುದನ್ನು ಅಂತ ಕೇಳಿ. ಅಲ್ಲಿ ಯಾವುದೋ ಆರ್ಮ್ ಅಥವಾ ಸ್ಟ್ರಟ್ ಬಗ್ಗಿದೆ, ಇಲ್ಲವೇ ಒಂದು ಬುಷ್ ನಿಮ್ಮ ಕಣ್ಣು ತಪ್ಪಿಸಿದೆ.

ನೂರು ಕಿಲೋಮೀಟರ್ ಓಡಿಸಿದ ಮೇಲೆ ಬಿಚ್ಚಿದ ಪ್ರತಿ ನಟ್ಟಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಹೊಸ ರಬ್ಬರ್ ಸ್ವಲ್ಪ ಕೂರುತ್ತದೆ. ನನ್ನ ಗಾಡಿಯಲ್ಲಿ ಬಲಗಡೆಯ ಕ್ಲ್ಯಾಂಪ್ ಬೋಲ್ಟುಗಳು ಜಗ್ಗಲಿಲ್ಲ. ಎಡಗಡೆಯದೊಂದು ಕಾಲು ಸುತ್ತು ತಿರುಗಿತು.